ಪ್ರಶ್ನೆಗಳು ಬಂದವು, ಉತ್ತರಗಳು ಬರಲಿಲ್ಲ

ಪುಟ್ಟದೊಂದು ಪ್ರಕಾಶನದಲ್ಲಿ ನಾನು ಸಂಪಾದಕ. ಕರಡು ತಿದ್ದುವುದು ಮುಖ್ಯ ಕೆಲಸ. ಆದರೆ ನಾಲ್ಕು ಜನರ ಕಚೇರಿಯಲ್ಲಿ ಆಗುವಂತೆ ಸಾಮಾಜಿಕ ಜಾಲತಾಣದ ಪುಟವೂ ನನ್ನ ಕೊರಳಿಗೇ ಬಿದ್ದಿತ್ತು. ಮಾರಾಟದ ಮಾತಾಡಲು ನನಗೆ ಬಾರದು. ಹಾಗಾಗಿ ಪ್ರತಿ ಶನಿವಾರ ಒಂದು ವಸ್ತುವಿನ ಚಿತ್ರ ಹಾಕಿ, ‘ನಿಮ್ಮ ಕಡೆ ಇದಕ್ಕೆ ಏನನ್ನುತ್ತಾರೆ?’ ಎಂದು ಕೇಳುತ್ತಿದ್ದೆ.

ಪೊರಕೆಯ ಚಿತ್ರ ಹಾಕಿದ ವಾರ ಧಾರವಾಡದ ಕಡೆಯವರು ಕಸಬರಿಗೆ ಎಂದರು, ಕುಂದಾಪುರದವರು ಹಿಡಿಸೂಡಿ ಎಂದರು. ಒಬ್ಬ ಹಿರಿಯರು, ತೆಂಗಿನ ಕಡ್ಡಿಯದು ಅಂಗಳಕ್ಕೆ, ಹುಲ್ಲಿನದು ಒಳಮನೆಗೆ, ಅದಲುಬದಲು ಮಾಡಿದರೆ ತಮ್ಮ ಅಜ್ಜಿ ಅದೇ ಪೊರಕೆ ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದರು ಎಂದು ಬರೆದಿದ್ದರು. ಹೀಗೆ ಆರು ವರ್ಷ ನಡೆಯಿತು.

ಬರಬರುತ್ತಾ ನಾವು ಹಾಕಿದ್ದು ಓದುಗರಿಗೆ ಕಾಣಿಸುವುದೇ ನಿಂತಿತು. ದುಡ್ಡು ಕಟ್ಟಿದರೆ ಇನ್ನಷ್ಟು ಜನರಿಗೆ ತೋರಿಸುತ್ತೇವೆ ಎಂಬ ಸೂಚನೆ ಮಾತ್ರ ತಪ್ಪದೆ ಬರುತ್ತಿತ್ತು. 2022ರ ಅಕ್ಟೋಬರ್‌ನಲ್ಲಿ ಇಲಾನ್ ಮಸ್ಕ್ ಟ್ವಿಟರನ್ನು 4,400 ಕೋಟಿ ಡಾಲರಿಗೆ ಕೊಂಡಾಗ ಮಾಸ್ಟೊಡಾನ್ ಎಂಬ ಇನ್ನೊಂದು ಜಾಲತಾಣದ ಹೆಸರು ಎಲ್ಲೆಡೆ ಕೇಳಿಬಂತು. ನಾವಿದ್ದದ್ದು ಬೇರೊಂದು ದೊಡ್ಡ ತಾಣದಲ್ಲಿ, ಅದರ ಹೆಸರು ಇಲ್ಲಿ ಬೇಡ. ಆದರೂ ಗುಳೆ ಹೊರಟವರನ್ನು ಕಂಡು ನಮಗೂ ಧೈರ್ಯ ಬಂತು.

ಕಚೇರಿಯಲ್ಲಿ ಪುಟ ನಿಲ್ಲಿಸುವುದೆಂದು ತೀರ್ಮಾನವಾಯಿತು. ಹೊರಡುವ ಮುನ್ನ ದತ್ತಾಂಶದ ಪ್ರತಿ ಇಳಿಸಿಕೊಂಡೆ. ತೆರೆದು ನೋಡಿದರೆ ನನ್ನ ಆರು ವರ್ಷದ ಪ್ರಶ್ನೆಗಳೆಲ್ಲ ತಾರೀಖಿನ ಸಮೇತ ಸಾಲಾಗಿ ಕುಳಿತಿವೆ, ಓದುಗರ ಉತ್ತರ ಒಂದೂ ಇಲ್ಲ. ತಾಣದ ಲೆಕ್ಕದಲ್ಲಿ ಅದು ಸರಿಯೇ: ಉತ್ತರ ಬರೆದವರ ಮಾತು ಅವರದು, ನನ್ನ ಕಡತಕ್ಕೆ ಯಾಕೆ ಬರಬೇಕು? ಆದರೆ ನಮ್ಮ ಪುಟದ ಬೆಲೆಯೆಲ್ಲ ಇದ್ದದ್ದು ಅಲ್ಲೇ. ‘ಇದಕ್ಕೆ ಏನನ್ನುತ್ತಾರೆ?’ ಎಂಬ ಒಂದೇ ಸಾಲನ್ನು ಮುನ್ನೂರು ಸಲ ಓದುತ್ತಾ ಕುಳಿತವನಿಗೆ ನಗು ಬಂತೋ ಅಳು ಬಂತೋ ಹೇಳಲಾರೆ.

ಪುಟವನ್ನು ಇನ್ನೂ ಅಳಿಸಿರಲಿಲ್ಲ, ಪುಣ್ಯ. ನಾನೂ ಸಹೋದ್ಯೋಗಿಯೂ ಎರಡು ವಾರ ಸಂಜೆ ಹೊತ್ತು ಕುಳಿತು ಉತ್ತರಗಳನ್ನು ಕೈಯಾರೆ ನಕಲು ಮಾಡಿದೆವು. ಖಾತೆ ಮುಚ್ಚಿ ಹೋದವರ ಮಾತುಗಳು ಅಷ್ಟರಲ್ಲೇ ಮಾಯವಾಗಿದ್ದವು. ಪೊರಕೆಯ ಅಜ್ಜಿಯೂ ಅವುಗಳ ಜೊತೆ ಹೋದರು. ಮೇಲೆ ಬರೆದದ್ದು ನನ್ನ ನೆನಪಿನಿಂದ.

ಈಗ ಗೆಳೆಯರೊಬ್ಬರು ನಡೆಸುವ ಮಾಸ್ಟೊಡಾನ್ ಸರ್ವರ್‌ನಲ್ಲಿದ್ದೇವೆ. 2016ರಲ್ಲಿ ಜರ್ಮನಿಯ ಓಯ್ಗನ್ ರೋಚ್ಕೊ ಶುರುಮಾಡಿದ ಈ ತಂತ್ರಾಂಶಕ್ಕೆ ಒಬ್ಬನೇ ಯಜಮಾನ ಎಂಬುದಿಲ್ಲ. ಯಾರು ಬೇಕಾದರೂ ಸರ್ವರ್ ಹೂಡಬಹುದು, ಒಂದರಲ್ಲಿರುವವರು ಇನ್ನೊಂದರಲ್ಲಿರುವವರೊಡನೆ ಮಾತಾಡಬಹುದು. ಬರೆದದ್ದು ಬರೆದ ಹೊತ್ತಿನ ಕ್ರಮದಲ್ಲೇ ಕಾಣಿಸುತ್ತದೆ. ಸರ್ವರ್ ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಬಹುದು, ಹಿಂಬಾಲಕರು ಜೊತೆಗೆ ಬರುತ್ತಾರೆ. ಆದರೆ ಹಳೆಯ ಬರಹಗಳು ಬರುವುದಿಲ್ಲ! ಇದನ್ನು ಓದಿದಾಗ ಒಮ್ಮೆ ಎದೆ ಝಲ್ಲೆಂದಿತು. ಚಿಕ್ಕ ಜಾಗವೆಂದರೆ ಭದ್ರವಾದ ಜಾಗ ಎಂದೇನೂ ಅಲ್ಲ. ಬೆಂಗಳೂರಿನಲ್ಲಿ 2020ರಲ್ಲಿ ಹುಟ್ಟಿ, ಮೊದಲು ಕನ್ನಡದಲ್ಲೇ ಮಾತಾಡಿದ ‘ಕೂ’ ಜಾಲತಾಣ 2024ರ ಜುಲೈನಲ್ಲಿ ಬಾಗಿಲು ಹಾಕಿತು. ಗೆಳೆಯರ ಸರ್ವರ್‌ಗೂ ತಿಂಗಳ ಬಾಡಿಗೆ ಇದೆ, ಅದರಲ್ಲಿ ಒಂದು ಪಾಲು ನಾವು ಕೊಡುತ್ತೇವೆ.

ಆದ್ದರಿಂದ ಕೆಲಸದ ಕ್ರಮ ಬದಲಾಯಿಸಿಕೊಂಡೆ. ಶನಿವಾರ ಪ್ರಶ್ನೆ, ಸೋಮವಾರ ಬೆಳಿಗ್ಗೆ ಕಾಫಿಗೂ ಮೊದಲು ಉತ್ತರಗಳು ಕಚೇರಿಯ ಕಡತಕ್ಕೆ: ಪದ, ತಾಲ್ಲೂಕು, ಹೇಳಿದವರ ಒಪ್ಪಿಗೆ. ಮೊದಲು ನೂರಾರು ಉತ್ತರ ಬರುತ್ತಿದ್ದವು, ಈಗ ಹತ್ತೋ ಹನ್ನೆರಡೋ. ಮಾಲೀಕರಿಗೆ ಈ ಸಂಖ್ಯೆ ಇನ್ನೂ ರುಚಿಸಿಲ್ಲ. ನನಗೂ ಕೆಲವು ಶನಿವಾರ ಬಿಕೋ ಎನಿಸುತ್ತದೆ.

ಕಳೆದ ತಿಂಗಳು ಕುಂದಾಪುರದ ಹಳೆಯ ಓದುಗರೊಬ್ಬರಿಗೆ ಇಮೇಲ್ ಬರೆದು, ಅವರ ಉತ್ತರಗಳು ಕಳೆದುಹೋದದ್ದಕ್ಕೆ ಕ್ಷಮೆ ಕೇಳಿದೆ. ಮರುದಿನವೇ ಉತ್ತರ ಬಂತು: ‘ಆಗ ಏನು ಹೇಳಿದ್ದೆನೋ ನನಗೂ ಮರೆತಿದೆ ಮಾರಾಯರೆ. ಪೆನ್ನು ತೆಗೆದುಕೊಳ್ಳಿ.’ ಕೆಳಗೆ ಹತ್ತೊಂಬತ್ತು ಪದಗಳಿದ್ದವು.