ಓಲೆಗರಿ ಕಾಯುವ ಬಜೆ

ಮೈಸೂರಿನಿಂದ ಹೊರಡುವ ರಾತ್ರಿ ರೈಲು ಬೆಳಗ್ಗೆ ತಂಜಾವೂರು ಮುಟ್ಟಿಸುತ್ತದೆ. ಅಲ್ಲಿಗೆ ಹೋಗುವವರು ಬೃಹದೀಶ್ವರನ ಗುಡಿ ನೋಡಿ ವಾಪಸ್ ಹೊರಡುವುದೇ ಜಾಸ್ತಿ. ನಾನು ಮತ್ತು ಅಮ್ಮ ಅರಮನೆಯೊಳಗಿನ ಸರಸ್ವತಿ ಮಹಲ್ ಗ್ರಂಥಾಲಯಕ್ಕೂ ಹೋದೆವು.

ಇದು ನಾಯಕ ಅರಸರ ಕಾಲದ ಪುಸ್ತಕ ಭಂಡಾರ. ಆಮೇಲೆ ಮರಾಠರ ಕೈಗೆ ಬಂತು. ತಂಜಾವೂರು ಹಿಡಿದ ಏಕೋಜಿ ಅದಕ್ಕೆ ಮೊದಲು ಇದ್ದದ್ದು ನಮ್ಮ ಬೆಂಗಳೂರಿನಲ್ಲೇ, ಅಪ್ಪ ಶಹಾಜಿಯ ಜಹಗೀರಿನಲ್ಲಿ. ಆದರೆ ಭಂಡಾರ ತುಂಬಿಸಿದವನು ಎರಡನೇ ಸರಫೋಜಿ. 1799ರಲ್ಲಿ ಆಡಳಿತ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ದೊರೆಗೆ ಉಳಿದದ್ದು ಕೋಟೆ ಮತ್ತು ಬಿಡುವು. ಪುಸ್ತಕ ಕೊಂಡ, ಓದಿದ, ಕಾಶಿಗೆ ಹೋದಾಗಲೂ ಹಸ್ತಪ್ರತಿ ಹೊತ್ತು ತಂದ. ಈಗ ಇಲ್ಲಿ 40 ಸಾವಿರಕ್ಕೂ ಹೆಚ್ಚು ಹಸ್ತಪ್ರತಿಗಳಿವೆ, ಸಂಸ್ಕೃತದವೇ ಬಹುಪಾಲು.

ಒಳಗಿನ ಕಪಾಟುಗಳು ಸಂಶೋಧಕರಿಗೆ. ನಮ್ಮಂಥವರಿಗೆ ಸಣ್ಣ ಮ್ಯೂಸಿಯಂ. ಅಲ್ಲಿ ಫ್ರೆಂಚ್ ಕಲಾವಿದ ಲೆ ಬ್ರೂನ್‌ನ ಚಿತ್ರಗಳಿವೆ: ಗೂಬೆಯ ಮುಖ, ಪಕ್ಕದಲ್ಲಿ ಗೂಬೆಯಂಥದ್ದೇ ಮನುಷ್ಯನ ಮುಖ. ಒಂದು ಮುಖದ ಮುಂದೆ ನಿಂತು ಅಮ್ಮ, “ಥೇಟ್ ನಿಮ್ಮ ದೊಡ್ಡಪ್ಪ ಕಣೋ” ಅಂದಳು. ಇನ್ನೊಂದು ಕಡೆ ಚೀನಾದಲ್ಲಿ ಕೊಡುತ್ತಿದ್ದ ಶಿಕ್ಷೆಗಳ ಚಿತ್ರಗಳು. ಅವನ್ನು ಬೇಗ ದಾಟಿದೆವು.

ನಾನು ಜಾಸ್ತಿ ಹೊತ್ತು ನಿಂತದ್ದು ಓಲೆಗರಿಗಳ ಮುಂದೆ. ಕಬ್ಬಿಣದ ಮೊನೆಯಲ್ಲಿ ಕೊರೆದು, ಮೇಲೆ ಮಸಿ ಬಳಿದು ಒರೆಸಿದರೆ ಗೀರಿನೊಳಗೆ ಮಾತ್ರ ಕಪ್ಪು ಉಳಿಯುತ್ತದೆ. ಅಕ್ಕಿಕಾಳಿಗಿಂತ ಚಿಕ್ಕ ಅಕ್ಷರ, ಒಂದೂ ಸಾಲು ತಪ್ಪಿಲ್ಲ.

“ಇಷ್ಟು ವರ್ಷ ಹುಳ ತಿನ್ನಲಿಲ್ವಾ?” ಅಮ್ಮನ ಪ್ರಶ್ನೆ. ಅಲ್ಲಿದ್ದ ಹಿರಿಯರು ತಮಿಳಿನಲ್ಲಿ ವಿವರಿಸಿದರು. ಕರಿಮೆಣಸು, ಲವಂಗ, ಚಕ್ಕೆ, ಕರ್ಪೂರ ಸೇರಿಸಿದ ಪುಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕಟ್ಟುಗಳ ನಡುವೆ ಇಡುತ್ತಾರಂತೆ. ಜೊತೆಗೆ ‘ವಸಂಬು’. ಅದೇನೆಂದು ನಮಗೆ ಹೊಳೆಯಲಿಲ್ಲ. ಅವರು ಅಂಗೈ ಮೇಲೆ ತೇಯುವಂತೆ ಮಾಡಿ, ಮಗುವಿನ ನಾಲಿಗೆಗೆ ಬೆರಳು ಹಚ್ಚುವಂತೆ ತೋರಿಸಿದರು.

“ಅಯ್ಯೋ, ಬಜೆ!” ಅಮ್ಮ ಕೂಗಿಯೇ ಬಿಟ್ಟಳು. ಓದುತ್ತಿದ್ದವರೊಬ್ಬರು ತಿರುಗಿ ನೋಡಿದರು.

ಪಕ್ಕದ ಗ್ಯಾಲರಿಯಲ್ಲಿ ಚೋಳರ ಕಂಚಿನ ನಟರಾಜರಿದ್ದರು. ಅಮ್ಮನಿಗೆ ಅವರಲ್ಲಿ ಮನಸ್ಸಿರಲಿಲ್ಲ. ಅಟ್ಟದ ಮೇಲಿನ ತಾತನ ಪೆಟ್ಟಿಗೆ ನೆನಪಾಗಿತ್ತು. ಹೊರಗೆ ಬಂದವಳೇ ಗ್ರಂಧಿಗೆ ಅಂಗಡಿ ಹುಡುಕಿ ಕಾಲು ಕೆಜಿ ವಸಂಬು ಕಟ್ಟಿಸಿದಳು.