ಇಷ್ಟೇನಾ ಅಂಕಲ್?

ಗುರುವಾರ ಸಂಜೆಯಿಂದ ಈ ಎರಡು ಪದ ಕಿವಿಯಲ್ಲೇ ಕೂತಿವೆ. ಹಲ್ಲುಜ್ಜುವಾಗ ಬರುತ್ತವೆ, ಲಿಫ್ಟಿನಲ್ಲಿ ಬರುತ್ತವೆ, ರಾತ್ರಿ ದೀಪ ಆರಿಸಿದ ಮೇಲಂತೂ ಬಂದೇ ಬರುತ್ತವೆ. ಅಂಕಲ್ ಅಂದದ್ದಕ್ಕೆ ಬೇಜಾರಿಲ್ಲ. ಅದಕ್ಕೆಲ್ಲ ಬೇಜಾರು ಮಾಡಿಕೊಳ್ಳುವ ವಯಸ್ಸು ದಾಟಿ ಆಯಿತು. ಚುಚ್ಚಿದ್ದು ಆ 'ಇಷ್ಟೇನಾ'.

ಕ್ಯಾಮೆರಾ ಮಾರೋಣ ಅಂತ ಹೊರಟಿದ್ದೆ. ನಿಕಾನ್ ಡಿ7100, 2014ರಲ್ಲಿ ಕೊಂಡದ್ದು. ಆಫೀಸಿನ ಗೆಳೆಯನ ಮಗಳಿಗೆ ಫೋಟೋ ಹುಚ್ಚು ಹತ್ತಿದೆ, ಕಲಿಯೋಕೆ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಹುಡುಕುತ್ತಿದ್ದಾಳೆ ಅಂತ ಗೊತ್ತಾಯಿತು. ನಾನೇ ಮೇಲೆ ಬಿದ್ದು ಹೇಳಿದೆ: "ನಂದೇ ಇದೆಯಲ್ಲ ಮಾರಾಯ. ಹೊಸದರ ಹಾಗಿದೆ." ಫೋನಿನಲ್ಲಿ ಒಂದು ಸಲ, ಎದುರಿಗೆ ಒಂದು ಸಲ, ಅವರು ಮನೆಗೆ ಬಂದು ಚಪ್ಪಲಿ ಬಿಡುವಾಗ ಇನ್ನೊಂದು ಸಲ. ಒಟ್ಟು ಮೂರು ಸಲ ಹೇಳಿದ್ದೇನೆ, ಹೊಸದರ ಹಾಗಿದೆ ಅಂತ. ಈಗ ನೆನೆಸಿಕೊಂಡರೆ ನಗು ಬರುತ್ತದೆ.

ಮೇಜಿನ ಮೇಲೆ ಎಲ್ಲ ಜೋಡಿಸಿಟ್ಟಿದ್ದೆ, ಅಂಗಡಿ ಇಟ್ಟ ಹಾಗೆ. ಕ್ಯಾಮೆರಾ, ಎರಡು ಲೆನ್ಸ್, ಫಿಲ್ಟರ್ ಡಬ್ಬಿಗಳು, ಫ್ಲ್ಯಾಶ್, ರಿಮೋಟು, ಎರಡು ಟ್ರೈಪಾಡ್, ಮೂರು ಬ್ಯಾಗು. ಇವನ್ನೆಲ್ಲ ನೋಡಿ ಹುಡುಗಿಯ ಕಣ್ಣು ಅಗಲವಾಗುತ್ತದೆ ಅಂದುಕೊಂಡಿದ್ದೆ. ಅವಳು ಅತ್ತ ತಿರುಗಿಯೂ ನೋಡಲಿಲ್ಲ.

ಅವಳ ಅಪ್ಪ ಸೋಫಾದಲ್ಲಿ ಕೂತು ತನ್ನ ಎಂದಿನ ರಾಗ ಶುರು ಮಾಡಿದ. "ಫೋನಲ್ಲೇ ಎಷ್ಟು ಚೆನ್ನಾಗಿ ಬರತ್ತೆ ಈಗ. ಇದೆಲ್ಲ ಯಾಕೆ ಬೇಕೋ." ಒಳ್ಳೆಯ ಮನುಷ್ಯ. ಆದರೆ ಯಾವ ವಿಷಯಕ್ಕೂ 'ಇದೆಲ್ಲ ಯಾಕೆ ಬೇಕೋ' ಅನ್ನದೆ ಇರಲಾರ. ಮಗಳು ಅಪ್ಪನಿಗೆ ಉತ್ತರ ಕೊಡಲಿಲ್ಲ. ಕೊಟ್ಟು ಕೊಟ್ಟು ಸಾಕಾಗಿರಬೇಕು.

ಅವಳು ಮೊದಲು 35 ಎಂಎಂ ಲೆನ್ಸ್ ಬಿಚ್ಚಿದಳು. ಬಿಚ್ಚುವಾಗ ಕ್ಯಾಮೆರಾ ಬಾಯಿ ಕೆಳಗೆ ಮಾಡಿ ಹಿಡಿದಿದ್ದಳು, ಧೂಳು ಒಳಗೆ ಬೀಳದಿರಲಿ ಅಂತ. ಲೆನ್ಸಿನ ಹಿಂಬದಿಯಲ್ಲಿ ಒಂದು ಪುಟ್ಟ ಲಿವರ್ ಇರುತ್ತದೆ. ಅದನ್ನು ಉಗುರಿನಿಂದ ಸರಿಸಿದರೆ ಒಳಗಿನ ಎಲೆಗಳು ಅರಳಿದ ಹಾಗೆ ತೆರೆದುಕೊಳ್ಳುತ್ತವೆ. ಹಾಗೆ ತೆರೆದು, ಫೋನಿನ ಟಾರ್ಚ್ ಹಿಡಿದು, ಒಂದು ಕಣ್ಣು ಮುಚ್ಚಿ ಒಳಗೆ ನೋಡಿದಳು. ಜೇಡರ ಬಲೆಯ ಎಳೆಯಂತೆ ಏನಾದರೂ ಕಂಡರೆ ಅದು ಫಂಗಸ್. "ಫಂಗಸ್ ಇಲ್ಲ" ಅಂದಳು. "ಸಿಲಿಕಾ ಜೆಲ್ ಹಾಕಿ ಡಬ್ಬೀಲಿ ಇಟ್ಟಿದ್ದೆ ನೋಡಮ್ಮಾ" ಅಂತ ಬೀಗಿದೆ. ಸಿಲಿಕಾ ಜೆಲ್ ಜೊತೆ ಹನ್ನೊಂದು ವರ್ಷ ಡಬ್ಬಿಯೊಳಗೆ ಕೂತಿದ್ದರೆ ಫಂಗಸ್ಸಿಗೆ ದಾರಿ ಎಲ್ಲಿಂದ ಸಿಗಬೇಕು?

ಆಮೇಲೆ ಅಪರ್ಚರನ್ನು, ಅಂದರೆ ಆ ಎಲೆಗಳ ನಡುವೆ ಬೆಳಕು ಬಿಡುವ ಕಿಂಡಿಯನ್ನು, ಎಫ್/22ರಷ್ಟು ಕಿರಿದು ಮಾಡಿ ಬಿಳಿ ಗೋಡೆಯ ಫೋಟೋ ತೆಗೆದಳು. ಅಪರ್ಚರ್ ಕಿರಿದಾದಷ್ಟೂ ಸೆನ್ಸರ್ (ಚಿತ್ರ ಹಿಡಿಯುವ ಚಿಪ್ಪು) ಮೇಲಿನ ಧೂಳಿನ ನೆರಳು ಎದ್ದು ಕಾಣುತ್ತದೆ. ಮೂರು ಚುಕ್ಕೆ ಕಂಡವು. ಮೇಜಿನ ಮೇಲೆ ಪ್ಯಾಕೆಟ್ಟೂ ಒಡೆಯದ ರಬ್ಬರ್ ಬ್ಲೋವರ್ ಇತ್ತು. ಅದನ್ನು ಒಡೆದು, ಮೆನುವಿನಲ್ಲಿ ಸೆನ್ಸರ್ ಮುಂದಿನ ಕನ್ನಡಿ ಎತ್ತಿ ನಿಲ್ಲಿಸುವ ಆಯ್ಕೆ ಹುಡುಕಿ, ಕ್ಯಾಮೆರಾ ಬೋರಲಾಗಿ ಹಿಡಿದು ನಾಲ್ಕು ಸಲ ಪುಸ್ ಪುಸ್ ಅನ್ನಿಸಿದಳು. ಎರಡು ಚುಕ್ಕೆ ಹೋದವು. ಹಿಂದೆ ಒಂದು ಸಲ ನಾನು ಬಾಯಿಂದಲೇ ಊದಿದ್ದೆ. ಎಂಜಲ ಹನಿ ಬಿದ್ದರೆ ಧೂಳಿಗಿಂತ ಕೆಟ್ಟದ್ದು. ಉಳಿದ ಆ ಒಂದು ಚುಕ್ಕೆ ನಂದೇ ಇರಬೇಕು. ಹೇಳಲಿಲ್ಲ.

ಅಲ್ಲಿಯವರೆಗೆ ಮರ್ಯಾದೆ ಉಳಿದಿತ್ತು. ವ್ಯೂಫೈಂಡರಿಗೆ ಕಣ್ಣಿಟ್ಟವಳು ಹುಬ್ಬು ಗಂಟಿಕ್ಕಿದಳು.

"ಅಂಕಲ್, ನಿಮಗಿದು ಸರಿಯಾಗಿ ಕಾಣ್ತಿತ್ತಾ?"

"ಸ್ವಲ್ಪ ಮಸುಕು ಅಮ್ಮಾ. ಮೊದಲಿಂದ್ಲೂ ಹಾಗೇ. ಫೋಟೋ ಮಾತ್ರ ಶಾರ್ಪಾಗೇ ಬರತ್ತೆ, ಅದರ ಯೋಚ್ನೆ ಬೇಡ."

ಅವಳು ಹೆಬ್ಬೆರಳಿನಿಂದ ವ್ಯೂಫೈಂಡರ್ ಪಕ್ಕದ ಒಂದು ಚಿಕ್ಕ ಚಕ್ರ ತಿರುಗಿಸಿದಳು. ಕಡಲೆ ಕಾಳಿನಷ್ಟು ಇರಬಹುದು. "ಈಗ ನೋಡಿ" ಅಂತ ನನ್ನ ಕೈಗೆ ಕೊಟ್ಟಳು. ಅವಳ ಕಣ್ಣಿಗೆ ಸರಿಮಾಡಿದ್ದು ನನಗೆ ಪೂರ್ತಿ ಹೊಂದಲಿಲ್ಲ. "ನೀವೇ ತಿರುಗಿಸ್ಕೊಳ್ಳಿ. ಹೊರಗೆ ನೋಡ್ಬೇಡಿ, ಕೆಳಗಿನ ನಂಬರ್ ನೋಡ್ತಾ ತಿರುಗಿಸಿ." ತಿರುಗಿಸಿದೆ. ವ್ಯೂಫೈಂಡರ್ ತಳದಲ್ಲಿ ಮಂಜಿನಂತಿದ್ದ ಅಂಕಿಗಳು ಒಂದೊಂದಾಗಿ ಗೆರೆ ಕೊರೆದ ಹಾಗೆ ನಿಂತವು. ಫೋಕಸ್ಸಿನ ಪುಟ್ಟ ಚೌಕ ಕಂಡಿತು. ಎದುರಿನ ಗೋಡೆಯ ಗಡಿಯಾರದ ಸೆಕೆಂಡ್ ಮುಳ್ಳು ಕಂಡಿತು.

ಡಯಾಪ್ಟರ್ ಅಂತ ಅದರ ಹೆಸರು. ಅವರವರ ಕಣ್ಣಿನ ನಂಬರಿಗೆ ತಕ್ಕ ಹಾಗೆ ವ್ಯೂಫೈಂಡರ್ ಹೊಂದಿಸಿಕೊಳ್ಳಲು ಕೊಟ್ಟಿರುವುದು. ಫೋಟೋಗೂ ಅದಕ್ಕೂ ಸಂಬಂಧ ಇಲ್ಲ, ನೋಡುವವನಿಗೆ ಮಾತ್ರ. ಇದರ ಹಾಗೆ ಒಳಗೆ ಕನ್ನಡಿ ಇರುವ ಹೆಚ್ಚುಕಮ್ಮಿ ಎಲ್ಲ ಡಿಎಸ್ಎಲ್ಆರ್‌ಗಳಲ್ಲೂ ಇರುತ್ತದೆ, ಕನ್ನಡಿ ಇಲ್ಲದ, ಆದರೆ ವ್ಯೂಫೈಂಡರ್ ಇರುವ ಮಿರರ್‌ಲೆಸ್‌ಗಳಲ್ಲೂ ಇರುತ್ತದೆ. ಕೈಪಿಡಿಯ ಮೊದಲ ಕೆಲವು ಪುಟಗಳಲ್ಲೇ ಬರೆದಿರುತ್ತಾರೆ. ನಾನು ಕೈಪಿಡಿ ಓದಿಲ್ಲ. ಆದರೆ ಆ ಕ್ಯಾಮೆರಾ ಬಗ್ಗೆ ಬಂದ ವಿಮರ್ಶೆಗಳನ್ನೆಲ್ಲ ಓದಿದ್ದೇನೆ. 24.1 ಮೆಗಾಪಿಕ್ಸೆಲ್, 51 ಫೋಕಸ್ ಪಾಯಿಂಟ್, ಸೆನ್ಸರ್ ಮುಂದೆ ಲೋ-ಪಾಸ್ ಫಿಲ್ಟರ್ ಇಲ್ಲ, ಅದಕ್ಕೇ ವಿವರ ಜಾಸ್ತಿ. ಇವತ್ತಿಗೂ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಕಣ್ಣಿನ ಪಕ್ಕದ ಚಕ್ರ ಮಾತ್ರ ಗೊತ್ತಿರಲಿಲ್ಲ. ಮಸುಕು ಕಂಡಾಗೆಲ್ಲ ವಯಸ್ಸನ್ನು ಬೈದುಕೊಂಡಿದ್ದೆ. ಕನ್ನಡಕವನ್ನೂ ಒಮ್ಮೆ ಬದಲಿಸಿದ್ದೆ.

ಅದಾದ ಮೇಲೆ ಬಂತು ಆ ಮಾತು. ಮೆಮೊರಿ ಕಾರ್ಡ್ ತೆಗೆದು ತನ್ನ ಲ್ಯಾಪ್‌ಟಾಪಿಗೆ ಹಾಕಿದಳು. ಈ ಕಂಪನಿಯ ಕ್ಯಾಮೆರಾಗಳು ಪ್ರತಿ ಫೋಟೋ ಫೈಲಿನೊಳಗೆ ಶಟರ್ ಎಷ್ಟನೇ ಸಲ ಬಡಿದದ್ದು ಅಂತ ಬರೆದಿಡುತ್ತವೆ. ಕಾರಿಗೆ ಓಡಿದ ಕಿಲೋಮೀಟರ್ ಇದ್ದ ಹಾಗೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಕೇಳುವುದೇ ಅದನ್ನು. ಡಿ7100ರ ಶಟರನ್ನು 1,50,000 ಸಲ ಬಡಿಸಿ ಪರೀಕ್ಷೆ ಮಾಡಿದ್ದೇವೆ ಅಂತ ಕಂಪನಿ ಹೇಳಿಕೊಂಡಿತ್ತು. ನನ್ನದು ಎಷ್ಟು?

5,412.

"ಇಷ್ಟೇನಾ ಅಂಕಲ್?"

ಕೊಳ್ಳುವವರು ಖುಷಿ ಪಡಬೇಕಾದ ಸಂಖ್ಯೆ ಅದು. ಚೌಕಾಸಿಗೆ ನನ್ನ ಕಡೆ ಇದ್ದ ದೊಡ್ಡ ಅಸ್ತ್ರ. ಅವಳ ಧ್ವನಿಯಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ನಾನೂ ಏನಾದರೂ ತಿರುಗಿಸಿ ಅನ್ನಬಹುದಿತ್ತು. ಅವಳಿಗೆ ನಿಜವಾಗಿ ಆಶ್ಚರ್ಯವಾಗಿತ್ತು. ಊಟದ ಡಬ್ಬಿ ಹಾಗೇ ವಾಪಸ್ ಬಂದಾಗ ಅಮ್ಮಂದಿರು ಕೇಳುತ್ತಾರಲ್ಲ, ಆ ಥರ.

"ಅದೇ ಹೇಳಿದ್ನಲ್ಲಮ್ಮಾ, ಹೊಸದರ ಹಾಗಿದೆ ಅಂತ" ಅಂದೆ. ನಾಲ್ಕನೇ ಸಲ. ಅವಳಪ್ಪ ಸೋಫಾದಿಂದ ಜೋರಾಗಿ ನಕ್ಕ.

ಅವತ್ತು ರಾತ್ರಿ ಲೆಕ್ಕ ಹಾಕಿದೆ. ದಿನಕ್ಕೆ ಒಂದೂವರೆ ಫೋಟೋ ಕೂಡ ಆಗುವುದಿಲ್ಲ. ಅದರಲ್ಲೂ ಅರ್ಧಕ್ಕರ್ಧ ಮೊದಲ ವರ್ಷದ್ದೇ ಇರಬೇಕು. ಇದೇ ವೇಗದಲ್ಲಿ ಹೋದರೆ ಆ ಶಟರಿನ ಲೆಕ್ಕ ತುಂಬಲು ಮುನ್ನೂರು ವರ್ಷ ಬೇಕು. ಫೋಟೋ ತೆಗೆಯುವುದನ್ನೇ ಬಿಟ್ಟಿದ್ದೇನೆ ಅಂತಲ್ಲ, ಫೋನಿನಲ್ಲಿ ಸಾವಿರಗಟ್ಟಲೆ ಇವೆ. ಬ್ಯಾಟರಿ, ಕಾರ್ಡ್ ಸೇರಿ ಕ್ಯಾಮೆರಾ ಬಾಡಿ 765 ಗ್ರಾಂ, ಅದಕ್ಕೆ ಹಾಕುತ್ತಿದ್ದ 18-140 ಝೂಮ್ ಲೆನ್ಸ್ 490 ಗ್ರಾಂ. ಒಂದೂಕಾಲು ಕಿಲೋ ಕುತ್ತಿಗೆಗೆ ನೇತುಹಾಕಿಕೊಂಡು ಹೊರಡುವಾಗೆಲ್ಲ 'ಇವತ್ತು ಬೇಡ' ಅನ್ನಿಸಿದೆ. ಕೊಳ್ಳುವಾಗ ಭಾರ ಎಷ್ಟು ಅಂತ ಕಣ್ಣು ಹಾಯಿಸಿಯೂ ಇರಲಿಲ್ಲ. ಹೊಸಬರು ಏನು ನೋಡಿ ಕೊಳ್ಳಬೇಕು ಅಂತ ಯಾರಾದರೂ ಕೇಳಿದರೆ ಇನ್ನು ಮೇಲೆ ಮೊದಲು ತಕ್ಕಡಿ ತೋರಿಸುತ್ತೇನೆ.

ಹಾಗಾದರೆ ಇಷ್ಟು ವರ್ಷ ನಾನು ಮಾಡಿದ್ದೇನು? ಕೊಂಡೆ. ಫೋಟೋ ಚೆನ್ನಾಗಿ ಬರಲಿಲ್ಲ ಅನ್ನಿಸಿದಾಗೆಲ್ಲ ಏನೋ ಒಂದು ಕೊಂಡೆ. ಪಾರ್ಸೆಲ್ ಬಂದ ದಿನ ಫೋಟೋ ತೆಗೆದಷ್ಟೇ ಖುಷಿ. ಮೊದಲ ಟ್ರೈಪಾಡ್ ಹಗುರ. ನಡುವಿನ ಕಂಬ ಎತ್ತಿದರೆ ಗಾಳಿಗೇ ನಡುಗುತ್ತಿತ್ತು. ಅದು ನಡುಗುತ್ತದೆ ಅಂತ ಎರಡನೆಯದು ಕೊಂಡೆ, ಭಾರದ್ದು. ಅದು ಅಲುಗುವುದಿಲ್ಲ ನಿಜ, ಮನೆಯಿಂದಲೂ ಅಲುಗಲಿಲ್ಲ. ಯುವಿ ಫಿಲ್ಟರ್ ಒಂದು. ಡಿಜಿಟಲ್ ಸೆನ್ಸರಿಗೆ ಅದರ ಅಗತ್ಯವೇ ಅಷ್ಟಾಗಿ ಇಲ್ಲ, ಗಾಜು ಕಾಯೋಕೆ ಇನ್ನೊಂದು ಗಾಜು ಅಷ್ಟೇ. ರಾತ್ರಿ ಬೀದಿ ದೀಪಗಳ ಫೋಟೋ ತೆಗೆದಾಗ ಒಂದೊಂದು ದೀಪಕ್ಕೂ ಒಂದು ದೆವ್ವದಂಥ ಜೋಡಿ ದೀಪ ಕಾಣುತ್ತಿದ್ದದ್ದು ಅದರ ಕೃಪೆ ಅಂತ ತಿಳಿಯಲು ವರ್ಷ ಹಿಡಿಯಿತು.

ಹತ್ತು ಸ್ಟಾಪಿನ ಎನ್‌ಡಿ ಫಿಲ್ಟರ್ ಕಥೆ ಇನ್ನೂ ಚೆನ್ನ. ಹೆಚ್ಚುಕಮ್ಮಿ ಕಪ್ಪು ಗಾಜು. ಬೆಳಕನ್ನು ಸಾವಿರದಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಸೆಕೆಂಡಿನ ಅರವತ್ತನೇ ಒಂದು ಭಾಗದಲ್ಲಿ ಆಗುವ ಫೋಟೋಗೆ ಹದಿನೇಳು ಸೆಕೆಂಡ್ ಬೇಕಾಗುತ್ತದೆ. ಹರಿಯುವ ನೀರು ಹಾಲಿನ ಹಾಗೆ ಬರುತ್ತದೆ. ಹಾಕಿದ ಮೇಲೆ ವ್ಯೂಫೈಂಡರಿನಲ್ಲಿ ಏನೂ ಕಾಣುವುದಿಲ್ಲ, ಆದ್ದರಿಂದ ಮೊದಲೇ ಫೋಕಸ್ ಮಾಡಿ ಲಾಕ್ ಮಾಡಬೇಕು. ಹಿಂದಿನಿಂದ ಬೆಳಕು ನುಗ್ಗದ ಹಾಗೆ ವ್ಯೂಫೈಂಡರ್ ಮುಚ್ಚಬೇಕು. ಇದೆಲ್ಲ ಬಾಯಿಪಾಠ. ಹೊಳೆ ಹತ್ತಿರ ಅದನ್ನು ಒಯ್ದದ್ದು ಎರಡೇ ಸಲ.

ಎಲ್ಲವನ್ನೂ ಬೈಯುವುದು ತಪ್ಪಾಗುತ್ತದೆ. ಪೋಲರೈಸರ್ ಒಂದು ಒಳ್ಳೆಯ ವಸ್ತು. ಎಲೆ ಮೇಲಿನ, ನೀರಿನ ಮೇಲಿನ ಹೊಳಪು ಕತ್ತರಿಸಿ ಒಳಗಿನ ಬಣ್ಣ ತೋರಿಸುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಕೂತು ಅದನ್ನು ಮಾಡೋಣ ಅಂದರೆ ಆಗುವುದಿಲ್ಲ, ಹೊಳಪು ಮುಚ್ಚಿದ್ದು ಫೈಲಿನಲ್ಲೇ ಇರುವುದಿಲ್ಲವಲ್ಲ. ಆದರೆ ನಾನು ಕೊಂಡದ್ದು 67 ಎಂಎಂ ಅಳತೆಯದು, 18-140ಕ್ಕೆ ಸರಿಯಾಗಿ. 35ರ ಬಾಯಿ 52. ಅದಕ್ಕೆ ಇನ್ನೊಂದು ಕೊಂಡೆ. "ಒಂದು ಸ್ಟೆಪ್-ಅಪ್ ರಿಂಗ್ ಹಾಕಿದ್ರೆ ದೊಡ್ಡದೇ ಎರಡಕ್ಕೂ ಆಗ್ತಿತ್ತಲ್ವಾ ಅಂಕಲ್" ಅಂದಳು. ಆಗ್ತಿತ್ತು. ಬರೀ ಲೋಹದ ಬಳೆ ಅದು, ಗಾಜೂ ಇಲ್ಲ.

ಅವಳ ತಯಾರಿ ಮೆಚ್ಚಬೇಕು. ಇದೇ ಮಾಡೆಲ್ ಯಾಕೆ ಒಪ್ಪಿದೆ ಅಂದರೆ ಬಾಡಿಯೊಳಗೇ ಫೋಕಸ್ ಮೋಟಾರ್ ಇದೆ ಅಂದಳು. ಮೋಟಾರಿಲ್ಲದ ಹಳೆಯ ಆಟೋಫೋಕಸ್ ಲೆನ್ಸುಗಳೂ ಇದರಲ್ಲಿ ತಾವಾಗಿ ಫೋಕಸ್ ಆಗುತ್ತವೆ. ಲೆನ್ಸ್ ಕೂರುವ ಬಾಯಿ 1959ರಿಂದ ಬಂದ ಎಫ್ ಮೌಂಟ್, ಹಳೇ ಲೆನ್ಸಿಗೆ ಬರವಿಲ್ಲ. ಎಲ್ಲರೂ ಮಿರರ್‌ಲೆಸ್ ಕಡೆ ಹೊರಟಿರುವಾಗ ಬಿಟ್ಟುಹೋದದ್ದನ್ನು ಆರಿಸಿಕೊಳ್ಳುತ್ತಿದ್ದಾಳೆ, ಜಾಣೆ. ಬ್ಯಾಟರಿಯ ವಯಸ್ಸನ್ನೂ ಮೆನುವಿನಲ್ಲಿ ತೆಗೆದು ನೋಡಿದಳು. ಸೊನ್ನೆಯಿಂದ ನಾಲ್ಕರವರೆಗೆ ತೋರಿಸುತ್ತದೆ, ಸೊನ್ನೆ ಅಂದರೆ ಹೊಸದು. ನನ್ನದು ಸೊನ್ನೆ. ಈ ಸಲ ಏನೂ ಅನ್ನಲಿಲ್ಲ, ನನ್ನ ಮುಖ ನೋಡಿ ಬಿಟ್ಟಿರಬೇಕು.

ಕೊನೆಗೆ ಅವಳು ಒಯ್ದದ್ದು ಬಾಡಿ, 35 ಲೆನ್ಸ್, ಆ ಬ್ಲೋವರ್. ದೊಡ್ಡ ಲೆನ್ಸ್ ಸುಮ್ನೆ ಕೊಡ್ತೀನಿ ಅಂದರೂ ಬೇಡ ಅಂದಳು. "ಮೊದ್ಲು ಒಂದೇ ಲೆನ್ಸಲ್ಲಿ ಕಲೀತೀನಿ. ಝೂಮ್ ಬೇಕಾದ್ರೆ ನಡೀತೀನಿ." ಬ್ಯಾಗೂ ಬೇಡವಂತೆ. ಕ್ಯಾಮೆರಾಗೆ ಒಂದು ಹಳೆಯ ಟವೆಲ್ ಸುತ್ತಿ ಕಾಲೇಜಿನ ಬ್ಯಾಗಿಗೆ ಹಾಕಿಕೊಂಡಳು. ನನಗೆ ಕರುಳು ಚುರ್ ಅಂದಿತು. ಈಗ ನಮ್ಮ ಮನೆಯಲ್ಲಿ ಫಿಲ್ಟರ್, ಫ್ಲ್ಯಾಶ್, ರಿಮೋಟ್, ಎರಡು ಟ್ರೈಪಾಡ್, ಮೂರು ಬ್ಯಾಗ್, ಒಂದು ಝೂಮ್ ಲೆನ್ಸ್ ಇವೆ. ಕ್ಯಾಮೆರಾ ಇಲ್ಲ.

ಭಾನುವಾರ ರಾತ್ರಿ ಅವಳಿಂದ ಒಂದು ಫೋಟೋ ಬಂತು. ಡಾಕ್ಯುಮೆಂಟ್ ಆಗಿ ಕಳಿಸಿದ್ದಳು. ಮಾಮೂಲಿ ಕಳಿಸಿದರೆ ಕುಗ್ಗಿ, ಒಳಗಿನ ಮಾಹಿತಿಯೆಲ್ಲ ಉದುರಿಹೋಗುತ್ತದಲ್ಲ. ನಾನು ಮಾಡಿದ ಮೊದಲ ಕೆಲಸ, ಅದನ್ನು ಕಂಪ್ಯೂಟರಿಗೆ ಹಾಕಿ ಸಂಖ್ಯೆ ನೋಡಿದ್ದು. 6,187. ಮೂರು ದಿನಕ್ಕೆ 775. ಆಮೇಲೆ ಅಪರ್ಚರ್ ನೋಡಿದೆ, ಎಫ್/1.8. ಐಎಸ್ಒ ನೋಡಿದೆ. ಎಲ್ಲ ಆದ ಮೇಲೆ ಫೋಟೋ ನೋಡಿದೆ.

ಅವಳಪ್ಪ ಸೋಫಾದಲ್ಲಿ ಬಾಯಿ ತೆರೆದು ಮಲಗಿದ್ದಾನೆ. ಎದೆಯ ಮೇಲೆ ಪೇಪರ್. ಕಿಟಕಿಯ ಬೆಳಕು ಒಂದೇ ಕೆನ್ನೆಗೆ ಬಿದ್ದಿದೆ. ಅಷ್ಟು ಅಗಲದ ಅಪರ್ಚರಿನಲ್ಲಿ, ಅಷ್ಟು ಹತ್ತಿರದಿಂದ ತೆಗೆದರೆ ಒಂದೆರಡು ಬೆರಳಗಲ ಮಾತ್ರ ಸ್ಪಷ್ಟ ಬರುತ್ತದೆ. ಫೋಕಸ್ ಕಣ್ಣಿಗೆ ಬೀಳಬೇಕಿತ್ತು, ಕಿವಿಗೆ ಬಿದ್ದಿದೆ. ಮೂಗು ಮಸುಕು. ಕಿವಿ ಮಾತ್ರ ಕೆತ್ತಿದ ಹಾಗೆ, ತುದಿಯಲ್ಲಿ ಬೆಳಕಿಗೆ ಹೊಳೆಯುವ ನಾಲ್ಕು ಬಿಳಿ ಕೂದಲು. ಇಪ್ಪತ್ತು ವರ್ಷದಿಂದ ಎದುರಿನ ಮೇಜಿನಲ್ಲೇ ಕೂರುತ್ತಾನೆ. ಆ ಕೂದಲನ್ನು ನಾನು ನೋಡಿಯೇ ಇರಲಿಲ್ಲ.

ಕೆಳಗೆ ಒಂದು ಸಾಲು ಬರೆದಿದ್ದಳು: "ಅಪ್ಪಂಗೆ ತೋರಿಸ್ಬೇಡಿ ಅಂಕಲ್."