ಸೆಂಟ್ರಿಂಗ್ ಬಿಚ್ಚುವ ದಿಕ್ಕು

ಸೈಟ್ ಎಂಜಿನಿಯರ್ ಆಗಿ ನನಗದು ಎರಡನೇ ವರ್ಷ. "ಸಾರ್, ಬಾಲ್ಕನಿ ಸೆಂಟ್ರಿಂಗ್ ಬಿಚ್ಚಬೋದಾ?" ಅಂತ ಮೇಸ್ತ್ರಿ ಕೇಳಿದರು. ಡೈರಿಯಲ್ಲಿ ಮೋಲ್ಡ್ ಹಾಕಿದ, ಅಂದರೆ ಕಾಂಕ್ರೀಟ್ ಸುರಿದ, ತಾರೀಕು ನೋಡಿದೆ, ದಿನ ಎಣಿಸಿದೆ, "ಬಿಚ್ಚಿ" ಅಂದೆ. ಎಲ್ಲಿಂದ ಶುರು ಮಾಡಬೇಕು ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹುಡುಗರು ಗೋಡೆ ಪಕ್ಕದ ಜಾಕಿಗಳನ್ನು, ಅಂದರೆ ಸ್ಲ್ಯಾಬನ್ನು ಕೆಳಗಿನಿಂದ ಹೊತ್ತು ನಿಂತ ಕಂಬಗಳನ್ನು, ಮೊದಲು ತೆಗೆದರು. ತುದಿಯ ಸಾಲು ಹಾಗೇ ನಿಂತಿತ್ತು, ಸ್ಲ್ಯಾಬಿನ ಮೇಲೆ ಪ್ಯಾರಪೆಟ್ಟಿಗೆ ತಂದ ಇಟ್ಟಿಗೆ ಪೇರಿಸಿತ್ತು. ಮಧ್ಯಾಹ್ನ ಹೋಗಿ ನೋಡಿದರೆ ತಳದಲ್ಲಿ, ನಟ್ಟನಡುವೆ, ಕೂದಲೆಳೆಯಂಥ ಬಿರುಕು. ಎದೆ ಧಸಕ್ಕೆಂದಿತು.

ವಿನ್ಯಾಸ ಮಾಡಿದ ಹಿರಿಯರು ಬಂದರು. ಬೈಯಲಿಲ್ಲ. "ಸೆಂಟ್ರಿಂಗ್ ಅಂದ್ರೇನು?" ಅಂತಷ್ಟೇ ಕೇಳಿದರು. ಹಸಿ ಕಾಂಕ್ರೀಟಿಗೆ ಕೆಳಗಿನಿಂದ ಕೊಡುವ ಆಸರೆ ಅಂದೆ. ಅವರು ಇಟ್ಟಿಗೆ ಚೂರು ತೆಗೆದುಕೊಂಡು ಗೋಡೆಯ ಮೇಲೆ ಒಂದು ಕಮಾನು ಬರೆದರು.

ಈ ಪದ ಕಾಂಕ್ರೀಟಿಗಿಂತ ಬಹಳ ಹಳೆಯದು, ಕಮಾನು ಕಟ್ಟುವವರದು. ಕಮಾನಿನ ಕಲ್ಲುಗಳು ನೆತ್ತಿಯ ಬೀಗಕಲ್ಲು ಕೂರುವವರೆಗೆ ತಾವಾಗಿ ನಿಲ್ಲಲಾರವು. ಅಲ್ಲಿಯವರೆಗೆ ಅವನ್ನು ಹೊರುವ ಮರದ ಬಾಗು ಚೌಕಟ್ಟಿಗೆ ಇಂಗ್ಲಿಷಿನಲ್ಲಿ ಸೆಂಟರ್ ಎಂದೇ ಹೆಸರು, ಅದನ್ನು ಕಟ್ಟುವ ಕೆಲಸ ಸೆಂಟರಿಂಗ್. ಸೆಂಟರ್ ಪದದ ಬೇರು ಗ್ರೀಕಿನ ಕೆಂಟ್ರಾನ್, ಎಂದರೆ ಚೂಪು ಮೊನೆ. ವೃತ್ತ ಎಳೆಯುವಾಗ ಕೈವಾರದ ಅಲುಗದ ಕಾಲು ಊರುವ ಚುಕ್ಕೆ. ನಮ್ಮ 'ಕೇಂದ್ರ'ವೂ ಅದೇ ಗ್ರೀಕ್ ಪದದಿಂದ ಸಂಸ್ಕೃತದ ಮೂಲಕ ಬಂದದ್ದು ಅಂತ ತಿಳಿದಾಗ, ದಿನವೂ ಬಾಯಲ್ಲಿದ್ದ ಮಾತು ಹೊಸದಾಗಿ ಕೇಳಿಸಿತು.

ಕಮಾನು ಕಟ್ಟುವವರಿಗೆ ಚೌಕಟ್ಟು ನಿಲ್ಲಿಸುವುದಕ್ಕಿಂತ ಇಳಿಸುವುದೇ ದೊಡ್ಡ ಪರೀಕ್ಷೆ. ಜೋಡಿ ಬೆಣೆಗಳನ್ನು ಸ್ವಲ್ಪಸ್ವಲ್ಪವೇ ಸಡಿಲಿಸುತ್ತಿದ್ದರು; ದೊಡ್ಡ ಸೇತುವೆಗಳಲ್ಲಿ ಆಸರೆಯನ್ನು ಮರಳು ತುಂಬಿದ ಪೆಟ್ಟಿಗೆಗಳ ಮೇಲೆ ನಿಲ್ಲಿಸಿ, ಮರಳು ಸುರಿಸುತ್ತಾ ನಿಧಾನವಾಗಿ ತಗ್ಗಿಸುತ್ತಿದ್ದರು. ಫ್ರೆಂಚ್ ಎಂಜಿನಿಯರ್ ಪೆರೋನೆ ಕಟ್ಟಿದ, ಪ್ಯಾರಿಸ್ ಬಳಿಯ ನ್ಯೂಯಿ ಸೇತುವೆಯ ಸೆಂಟರಿಂಗ್ ತೆಗೆಯುವುದನ್ನು ನೋಡಲು 1772ರಲ್ಲಿ ಫ್ರಾನ್ಸಿನ ದೊರೆ 15ನೇ ಲೂಯಿಯೇ ಬಂದಿದ್ದ.

"ಭಾರ ಮೆಲ್ಲಗೆ ಹೊಸ ದಾರಿ ಹಿಡೀಬೇಕು. ಯಾವ ದಾರಿ ಅಂತ ನೀನು ತೋರಿಸ್ಬೇಕು" ಅಂದರು ಹಿರಿಯರು. ಬಾಲ್ಕನಿ ಗೋಡೆಯಿಂದ ಚಾಚಿದ ಕೈ. ಅದರಲ್ಲಿ ಎಳೆತ ಮೇಲ್ಮೈಗೆ, ಹಾಗಾಗಿ ಮುಖ್ಯ ಕಂಬಿಯೂ ಮೇಲೆ. ತುದಿಯ ಜಾಕಿ ಬಿಟ್ಟು ಒಳಗಿನವನ್ನು ತೆಗೆದರೆ ಎರಡು ಕಡೆ ಆತುಕೊಂಡ ಸ್ಲ್ಯಾಬಿನಂತೆ ನಡು ಜೋಲುತ್ತದೆ, ಎಳೆತ ತಳಕ್ಕಿಳಿಯುತ್ತದೆ. ಅಲ್ಲಿ ಅದನ್ನು ತಡೆಯುವ ಕಂಬಿ ಇಲ್ಲ. ಆದ್ದರಿಂದ ಚಾಚಿದ ಸ್ಲ್ಯಾಬಿಗೆ ತುದಿಯಿಂದ ಗೋಡೆಯ ಕಡೆಗೆ ಬಿಚ್ಚಬೇಕು. ಎರಡು ತೊಲೆಗಳ ನಡುವಿನ ಸ್ಲ್ಯಾಬಿಗೆ ತದ್ವಿರುದ್ಧ: ನಡುವಿನಿಂದ ಅಂಚಿಗೆ.

ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456:2000, ಬಿಚ್ಚುವ ಮುಂಚೆ ಕನಿಷ್ಠ ಎಷ್ಟು ದಿನ ಕಾಯಬೇಕು ಅಂತ ಹೇಳುತ್ತದೆ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಾದರೆ, ತೊಲೆಯಿಂದ ತೊಲೆಗೆ 4.5 ಮೀಟರಿನವರೆಗಿನ ಸ್ಲ್ಯಾಬಿನ ಜಾಕಿಗಳಿಗೆ 7 ದಿನ, ಅದಕ್ಕೂ ಹೆಚ್ಚಿದ್ದರೆ 14. ನನಗೆ ಅದು ಬಾಯಿಪಾಠವಾಗಿತ್ತು, ದಿಕ್ಕು ಮಾತ್ರ ತಲೆಗೆ ಹತ್ತಿರಲಿಲ್ಲ.

ಹಿರಿಯರು ಮೊದಲು ಇಟ್ಟಿಗೆ ಇಳಿಸಿದರು. ಆಮೇಲೆ ತುದಿಯ ಜಾಕಿಗಳನ್ನು ಒಂದೊಂದೇ ಸುತ್ತು ಸಡಿಲಿಸುತ್ತಾ ಬಂದರು. ಟಾರ್ಚ್ ಹಿಡಿದು ಕೆಳಗೆ ನೋಡುತ್ತಿದ್ದ ನನ್ನ ಕಣ್ಣೆದುರೇ ಬಿರುಕು ಮುಚ್ಚಿಕೊಂಡಿತು.

ಈಗ ಡೈರಿಯಲ್ಲಿ ಮೋಲ್ಡ್ ಹಾಕಿದ ತಾರೀಕಿನ ಪಕ್ಕ ಸ್ಲ್ಯಾಬಿನ ಸಣ್ಣ ಚಿತ್ರ ಬರೆದು, ಬಿಚ್ಚುವ ದಿಕ್ಕಿಗೆ ಬಾಣ ಹಾಕುತ್ತೇನೆ. ಅದೇ ಬಾಣವನ್ನು ಸ್ಲ್ಯಾಬಿನ ಕೆಳಗೆ ಶೀಟಿನ ಮೇಲೂ ಸೀಮೆಸುಣ್ಣದಲ್ಲಿ ಬರೆಸುತ್ತೇನೆ.